ಹೊಲದ ಕಟ್ಟು ಓದುವವಳು

ಹಳದಿ ನೀರಿನ ನದಿಯೊಂದು ಮೊಣಕೈ ಮಡಚಿದ ಹಾಗೆ ತಿರುಗುವ ಕಡೆ ಒಂದು ಊರಿತ್ತು. ಆ ಊರಿನಲ್ಲಿ ಯಾರೂ ಹೊಲದ ವಿಷಯ ಮಾತಾಡುವಂತಿರಲಿಲ್ಲ.

ಮದುವೆಯ ಮಾತಾಡಬಹುದಿತ್ತು, ಸಾವಿನ ಮಾತಾಡಬಹುದಿತ್ತು, ನೆಂಟರ ಮನೆಯ ಊಟ ಚೆನ್ನಾಗಿರಲಿಲ್ಲವೆಂದು ದೂರಬಹುದಿತ್ತು. ಆದರೆ ಯಾವಾಗ ಬಿತ್ತಬೇಕು, ಎಷ್ಟು ಆಳ ಉಳಬೇಕು, ಯಾವ ಮಣ್ಣಿಗೆ ಯಾವ ಬೀಜ ಎಂಬುದನ್ನು ಹೇಳುವ ಬಾಯಿ ಊರಿಗೆಲ್ಲ ಒಂದೇ. ಅದು ಹೊಲದ ಕಟ್ಟು.

ಹೊಲದ ಕಟ್ಟು ಎಂದರೆ ಬಿದಿರಿನ ಸೀಳುಗಳನ್ನು ಸಾಲಾಗಿ ಜೋಡಿಸಿ, ಸೆಣಬಿನ ದಾರದಲ್ಲಿ ಹೆಣೆದು, ಚಾಪೆಯ ಹಾಗೆ ಸುತ್ತಿದ ದೊಡ್ಡ ಸುರುಳಿ. ಒಂದೊಂದು ಸೀಳಿನ ಮೇಲೂ ಮಸಿಯಲ್ಲಿ ಒಂದೊಂದು ಮಾತು. ಊರು ಕಟ್ಟಿದ ಮೊದಲಜ್ಜ ಅದನ್ನು ಬರೆದನೆಂದು ಎಲ್ಲರೂ ನಂಬಿದ್ದರು. ಕೆಲಸದ ಹೊತ್ತು ಬಂದಾಗ ಜನ ಬದುವಿನ ಮೇಲೆ ನಿಂತು, ಬಗ್ಗಿ, ಅಂಗೈಯನ್ನು ಮಣ್ಣಿಗೆ ಒತ್ತುತ್ತಿದ್ದರು. ಓದುವವಳು ಕಟ್ಟನ್ನು ಬಿಚ್ಚಿ, ಆ ಕೆಲಸದ ಸೀಳನ್ನು ಹುಡುಕಿ, ನಿಧಾನಕ್ಕೆ ಓದುತ್ತಿದ್ದಳು.

‘ಮಣ್ಣು ಕಾಲಿಗೆ ಅಂಟುವಷ್ಟು ದಿನ ನೇಗಿಲು ಕೊಟ್ಟಿಗೆಯಲ್ಲೇ ಇರಲಿ.’

‘ಹಾಗೇ ಆಗಲಿ’ ಎಂದು ಜನ ಹೇಳುತ್ತಿದ್ದರು. ಹೊಲದಲ್ಲಿ ಅವರು ಆಡಬಹುದಾದ ಮಾತು ಅದೊಂದೇ. ಆಮೇಲೆ ತುಟಿ ಹೊಲಿದುಕೊಂಡವರ ಹಾಗೆ ಕೆಲಸಕ್ಕೆ ಇಳಿಯುತ್ತಿದ್ದರು. ಗುದ್ದಲಿಯ ಸದ್ದು, ಎತ್ತಿನ ಉಸಿರು, ನದಿಯ ಗದ್ದಲ ಬಿಟ್ಟರೆ ಬೇರೆ ಸದ್ದಿಲ್ಲ.

ಓದುವವಳು ವಿಧವೆ. ಓದುವ ಕೆಲಸ ಅವಳ ಗಂಡನದಾಗಿತ್ತು. ಅವನು ಕೆಮ್ಮಿನಿಂದ ಹಾಸಿಗೆ ಹಿಡಿದ ಮೇಲೆ, ಒಲೆಯ ಬೂದಿಯನ್ನು ನೆಲದ ಮೇಲೆ ಹರಡಿ, ಬೆರಳಿನಿಂದ ಅಕ್ಷರ ಎಳೆದು ಅವಳಿಗೆ ಕಲಿಸಿದ್ದ. ‘ಎರಡು ಮಾತು ನೆನಪಿಟ್ಟುಕೋ. ಇರುವುದನ್ನು ಬಿಡಬೇಡ, ಇಲ್ಲದ್ದನ್ನು ಸೇರಿಸಬೇಡ’ ಎಂದಿದ್ದ. ಅವಳು ಹಾಗೆಯೇ ನಡೆದುಕೊಂಡಳು. ಕಟ್ಟನ್ನು ಕೂಸಿನ ಹಾಗೆ ಬೆನ್ನಿಗೆ ಕಟ್ಟಿಕೊಂಡು ಹೊಲದಿಂದ ಹೊಲಕ್ಕೆ ನಡೆದಳು. ನುಸಿ ಹತ್ತದ ಹಾಗೆ ಅದಕ್ಕೆ ಹೊಗೆ ಹಾಕಿದಳು. ವರ್ಷಗಳು ಹೋದ ಹಾಗೆ ಅವಳ ಸೀರೆಗೂ ಕೂದಲಿಗೂ ಬಿದಿರಿನ ಹೊಗೆಯ ವಾಸನೆ ಅಂಟಿಕೊಂಡಿತು. ಅವಳು ಹತ್ತಿರ ಬಂದರೆ ಜನ ತಿರುಗಿ ನೋಡದೆಯೇ ದಾರಿ ಬಿಡುತ್ತಿದ್ದರು.

ಒಂದು ಬೇಸಿಗೆಯಲ್ಲಿ, ನವಣೆ ಮೊಣಕಾಲೆತ್ತರ ಬೆಳೆದು ನಿಂತಿದ್ದಾಗ, ನದಿ ಊರೊಳಗೆ ಬಂತು.

ಅದು ಅಬ್ಬರಿಸಿಕೊಂಡು ಬರಲಿಲ್ಲ. ದಾರಿ ತಪ್ಪಿದ ದನಗಳ ಹಿಂಡಿನ ಹಾಗೆ ಮೆಲ್ಲಗೆ ಬಂದು, ಹೊಲಗಳಲ್ಲಿ ಮಲಗಿ, ಬೇಕಾದಷ್ಟು ದಿನ ಇದ್ದು ಹೋಯಿತು. ಹೋಗುವಾಗ ನವಣೆಯನ್ನೂ ಬದುಗಳನ್ನೂ ತೆಗೆದುಕೊಂಡು ಹೋಯಿತು. ಊರಿನ ನೆಲವೆಲ್ಲ ಒಂದೇ ಬಣ್ಣದ ನುಣ್ಣನೆಯ ಹೊಸ ಕೆಸರಾಗಿತ್ತು.

ಜನ ಬಂದು ಕೆಸರಿನ ಅಂಚಿನಲ್ಲಿ ನಿಂತರು. ಬಗ್ಗಿ ಅಂಗೈ ಒತ್ತಿದರು. ಕೈ ಮಣಿಕಟ್ಟಿನವರೆಗೆ ಹೂತುಹೋಯಿತು. ಹಾಗೆಯೇ ಓದುವವಳ ಮುಖ ನೋಡಿದರು.

ಅವಳು ಕಟ್ಟು ಬಿಚ್ಚಿದಳು. ಉಳುವ ಸೀಳುಗಳನ್ನು ನೋಡಿದಳು, ಬಿತ್ತುವ ಸೀಳುಗಳನ್ನು ನೋಡಿದಳು, ಕಳೆ, ಗೊಬ್ಬರ, ಕಣ, ಕಣಜ, ರೇಷ್ಮೆಹುಳು, ಕುರಿ, ಎಲ್ಲವನ್ನೂ ನೋಡಿದಳು. ಹೊಲದ ಮೇಲೆ ನದಿ ಮಲಗಿ ಎದ್ದುಹೋದರೆ ಏನು ಮಾಡಬೇಕೆಂಬ ಮಾತು ಎಲ್ಲೂ ಇರಲಿಲ್ಲ. ಮೊದಲಜ್ಜ ಅಂಥದ್ದನ್ನು ಕಂಡಿರಲಿಲ್ಲವೋ ಏನೋ. ಮೊದಲಿನಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ಹುಡುಕಿದಳು. ಜನ ಬಗ್ಗಿಯೇ ಇದ್ದರು. ಮುದುಕರ ಬೆನ್ನು ನಡುಗುತ್ತಿತ್ತು. ಹಸಿದ ಮಗುವೊಂದು ಅಳುತ್ತಿತ್ತು.

ಏನೂ ಬರೆದಿಲ್ಲ ಎಂದು ಹೇಳಿಬಿಡಬಹುದಿತ್ತು. ಆದರೆ ಕಟ್ಟು ಸುಮ್ಮನಾದರೆ ಈ ಜನ ಏನು ಮಾಡಿಯಾರು? ಬಗ್ಗಿದವರು ಬಗ್ಗಿದಂತೆಯೇ ಉಳಿದರೆ? ಕೆಸರಿನ ಅಂಚಿನಲ್ಲಿ ಎರಡೆಲೆಯ ಹಸಿರು ಕಳೆಯೊಂದು ಆಗಲೇ ಮೊಳೆತಿದ್ದನ್ನು ಅವಳು ಕಂಡಳು. ಒದ್ದೆಯಲ್ಲೇ ಕಳೆ ಬರುವುದಾದರೆ ಬರಗು ಯಾಕೆ ಬರಬಾರದು? ಬರಗು ಬೇಗ ಕೊಯ್ಲಿಗೆ ಬರುವ ಕಾಳು. ಅವಳ ಬೆರಳು ಯಾವುದೋ ಒಂದು ಸೀಳಿನ ಮೇಲೆ ನಿಂತಿತು. ಗಂಟಲಿನಿಂದ ಓದುವ ದನಿಯೇ ಬಂತು.

‘ನದಿ ತಂದ ಮಣ್ಣು ಒಣಗುವವರೆಗೆ ಕಾಯಬೇಡ. ಒದ್ದೆಯಲ್ಲೇ ಬರಗು ಚೆಲ್ಲು.’

‘ಹಾಗೇ ಆಗಲಿ’ ಎಂದರು ಜನ. ಕೆಲವರು ಅಳುತ್ತಲೇ ಹೇಳಿದರು. ಸೊಂಟ ನೆಟ್ಟಗೆ ಮಾಡಿಕೊಂಡು, ಮನೆಗಳಲ್ಲಿ ಉಳಿದಿದ್ದ ಬರಗಿನ ಕಾಳನ್ನೆಲ್ಲ ತಂದು ಚೆಲ್ಲಿದರು.

ಎತ್ತರದ ಹೊಲಗಳಲ್ಲಿ ಬರಗು ಬಂತು. ತಗ್ಗಿನ ಹೊಲಗಳಲ್ಲಿ ಬೀಜ ಕೊಳೆತು, ಹುಳಿ ವಾಸನೆ ಎದ್ದಿತು.

ತಗ್ಗಿನಲ್ಲಿ ಹೊಲವಿದ್ದ ಹೆಂಗಸೊಬ್ಬಳು ಒಂದು ಬೆಳಿಗ್ಗೆ ಓದುವವಳ ಮನೆ ಬಾಗಿಲಿಗೆ ಬಂದಳು. ಅವಳ ಗಂಡ ಕಾಳು ಬೇಡಿಕೊಂಡು ಗುಡ್ಡದ ಕಡೆಯ ಊರುಗಳಿಗೆ ಹೋಗಿದ್ದ. ಅವಳ ಹಣೆಯ ಮೇಲೆ ಮಣ್ಣು ಮೆತ್ತಿ ಒಣಗಿತ್ತು, ಮಣ್ಣಿನ ಕೆಳಗೆ ಚರ್ಮ ಕಿತ್ತುಹೋಗಿತ್ತು.

‘ಅಕ್ಕಾ, ನನ್ನ ತಪ್ಪಿಗೆ ಕಟ್ಟಿನಲ್ಲಿ ಏನಾದರೂ ಬರೆದಿದೆಯಾ?’

‘ಯಾವ ತಪ್ಪು?’

‘ಅದೇ ತಿಳೀತಿಲ್ಲ. ಬಿತ್ತೋ ದಿನ ನನ್ನ ಮನಸ್ಸಿನಲ್ಲಿ ಒಂದು ಮಾತು ಬಂತು. ಈ ನೀರು ಇನ್ನೂ ಇಳೀಬೇಕಿತ್ತು ಅನ್ನಿಸಿತು. ಬಾಯಲ್ಲಿ ಅನ್ನಲಿಲ್ಲ ಅಕ್ಕ, ಮನಸ್ಸಿನಲ್ಲಿ ಅಷ್ಟೇ. ಅದು ಅಜ್ಜನಿಗೆ ಕೇಳಿಸಿರಬೇಕು. ದಿನಾ ಹೊಲಕ್ಕೆ ಹೋಗಿ ಹಣೆ ಹಚ್ಚಿ ತಪ್ಪಾಯಿತು ಅಂತೀನಿ. ಊಟ ಬಿಟ್ಟಿದ್ದೀನಿ. ಇನ್ನೇನು ಮಾಡಬೇಕು, ನೋಡಿ ಹೇಳಿ.’

ಓದುವವಳಿಗೆ ಇನ್ನೊಂದು ಸಾಲು ನಾಲಿಗೆಯ ತುದಿಗೇ ಬಂದಿತ್ತು. ಹಣೆಗೆ ತುಪ್ಪ ಹಚ್ಚು, ತಪ್ಪು ಹೋಯಿತು, ಉಣ್ಣು ಎಂದು ಓದಿದ್ದರೆ ಆ ಹೆಂಗಸು ಸಮಾಧಾನವಾಗಿ ಮನೆಗೆ ಹೋಗುತ್ತಿದ್ದಳು. ಅದು ಎಷ್ಟು ಸುಲಭವೆಂದು ಗೊತ್ತಾದಾಗಲೇ ಅವಳಿಗೆ ಹೆದರಿಕೆಯಾಯಿತು. ಅವಳು ಆ ಹೆಂಗಸನ್ನು ಒಳಗೆ ಕರೆದು, ಕೂರಿಸಿ, ಹಣೆ ತೊಳೆದು, ತನ್ನ ಪಾಲಿನ ಗಂಜಿ ಕುಡಿಸಿದಳು. ಆಮೇಲೆ ಕಟ್ಟನ್ನು ಬೆನ್ನಿಗೆ ಹಾಕಿಕೊಂಡು ಕಣಕ್ಕೆ ಹೋಗಿ, ಕಣದ ಗಂಟೆ ಬಾರಿಸಿದಳು.

ಊರು ಸೇರಿತು. ಮುಂದೆ ಊರಹಿರಿಯ ನಿಂತಿದ್ದ. ಅವನು ಅವಳ ಗಂಡನ ಅಣ್ಣ. ಉದ್ದನೆಯ ಆಳು, ಮಾತು ಕಡಿಮೆ.

‘ಭಾವ, ಆ ಸಾಲು ಕಟ್ಟಿನಲ್ಲಿ ಇರಲಿಲ್ಲ’ ಎಂದಳು ಓದುವವಳು. ‘ಒದ್ದೆಯಲ್ಲಿ ಬರಗು ಚೆಲ್ಲು ಅಂದದ್ದು ನಾನು. ಅಜ್ಜ ಅಲ್ಲ. ತಗ್ಗಿನವರ ಬೀಜ ಕೊಳೆತದ್ದು ಅವರ ತಪ್ಪಿನಿಂದಲ್ಲ. ನನ್ನಿಂದ.’

ತಗ್ಗಿನ ಹೊಲದ ಹೆಂಗಸು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

‘ಎಲ್ಲೂ ಏನೂ ಬರೆದಿರಲಿಲ್ಲವಾ?’ ಹಿರಿಯ ಕೇಳಿದ.

‘ಇರಲಿಲ್ಲ.’

‘ಹಾಗಂತ ಹೇಳಬೇಕಿತ್ತು ತಾಯಿ.’

‘ಹೇಳಬೇಕಿತ್ತು. ಧೈರ್ಯ ಬರಲಿಲ್ಲ.’

ನಿಯಮ ಎಲ್ಲರಿಗೂ ಗೊತ್ತಿತ್ತು. ಕಟ್ಟಿಗೆ ತನ್ನ ಮಾತು ಸೇರಿಸಿದವರು ನದಿಯ ಆಚೆ ದಡಕ್ಕೆ ಹೋಗಬೇಕು. ಈಚೆ ದಡದ ಬೆಂಕಿ, ಬೀಜ, ಬಾಗಿಲು ಅವರಿಗಿಲ್ಲ. ಹಿರಿಯ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವಳ ಬೆನ್ನಿನಿಂದ ಕಟ್ಟನ್ನು ತಾನೇ ಬಿಚ್ಚಿಕೊಂಡ. ಅವಳು ಏನೋ ಕಳೆದುಕೊಂಡವಳ ಹಾಗೆ ಬೆನ್ನು ಮುಟ್ಟಿ ನೋಡಿಕೊಂಡಳು.

ದೋಣಿಯನ್ನು ಹಿರಿಯನೇ ನಡೆಸಿದ. ಅಂಬಿಗ ಮುಂದೆ ಬಂದಾಗ, ‘ಈ ಭಾರ ನಿನಗೆ ಬೇಡ’ ಎಂದು ಹುಟ್ಟು ಕಸಿದುಕೊಂಡ. ಆಚೆ ದಡದಲ್ಲಿ ಅವಳನ್ನು ಇಳಿಸಿ ದೋಣಿ ತಿರುಗಿಸಿದ. ಅವನು ಹೋದ ಮೇಲೆ ಅವಳು ನೋಡುತ್ತಾಳೆ, ಅವನ ಕುರಿತುಪ್ಪಟದ ಹೊದಿಕೆ ಮರಳಿನ ಮೇಲೆ ಬಿದ್ದಿತ್ತು. ಅದರ ಮಡಿಕೆಯೊಳಗೆ ಚಕಮಕಿ ಕಲ್ಲೂ ಒಂದು ಕುಡುಗೋಲೂ ಇದ್ದವು. ಅಷ್ಟು ಎಚ್ಚರದ ಮನುಷ್ಯ ಏನನ್ನೂ ಮರೆಯುವವನಲ್ಲ.

ಅವಳು ಜೊಂಡು ಕೊಯ್ದು ಗುಡಿಸಲು ಕಟ್ಟಿಕೊಂಡಳು. ಆ ದಡದಲ್ಲೂ ನದಿ ತಂದ ಅದೇ ಮಣ್ಣು. ಅದು ಒಣಗಿ ಬಿರುಕು ಬಿಡುತ್ತಿತ್ತು. ಅವಳು ಬಿರುಕುಗಳ ಪಕ್ಕ ಕೂತು ನೋಡುತ್ತಿದ್ದಳು. ಇಷ್ಟು ವರ್ಷ ಮಣ್ಣಿನ ಬಗ್ಗೆ ಓದಿದ್ದವಳು, ಹೀಗೆ ಕೂತು ಮಣ್ಣನ್ನು ನೋಡಿರಲೇ ಇಲ್ಲ.

ಕೆಲವು ದಿನ ಕಳೆದ ಮೇಲೆ ಒಂದು ದೋಣಿ ಬಂತು. ದೋಣಿಯಲ್ಲಿ ತಗ್ಗಿನ ಹೊಲದ ಹೆಂಗಸು ಇದ್ದಳು.

‘ಇಲ್ಲಿಗೆ ಬರಬಾರದು ನೀನು’ ಎಂದಳು ಓದುವವಳು.

‘ಈ ದಡದವರು ಊರಿಗೆ ಬರಬಾರದು ಅಂತ ನಿಯಮ. ಊರಿನವರು ಇಲ್ಲಿಗೆ ಬರಬಾರದು ಅಂತ ಯಾರೂ ಹೇಳಿಲ್ಲ’ ಎನ್ನುತ್ತ ಅವಳು ಇಳಿದಳು. ‘ಅಕ್ಕಾ, ಹೊಲದಲ್ಲಿ ಮಣ್ಣು ಈಗ ಹೆಂಚಿನ ಹಾಗೆ ಎದ್ದಿದೆ. ಚಳಿ ಬರೋಕೆ ಮುಂಚೆ ಏನಾದರೂ ಆಗುತ್ತಾ?’

‘ನನಗೆ ಗೊತ್ತಿಲ್ಲ.’

ಆ ಮಾತು ಬಾಯಿಂದ ಬಿದ್ದಾಗ ಓದುವವಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇನ್ನೊಂದು ಸಲ ಹೇಳಿದಳು, ‘ನಿಜವಾಗಿ ಗೊತ್ತಿಲ್ಲ ಕಣೆ.’

ತಗ್ಗಿನ ಹೊಲದ ಹೆಂಗಸು ಸೆರಗಿನ ಗಂಟು ಬಿಚ್ಚಿದಳು. ಅಡುಗೆಮನೆಯಲ್ಲಿ ನೇತುಹಾಕಿದ್ದ ಮೂಲಂಗಿಯ ಒಣಕಾಯಿ ಅದರಲ್ಲಿತ್ತು. ‘ನನಗೂ ಗೊತ್ತಿಲ್ಲ. ಆದರೆ ಇದೊಂದು ಉಳಿದಿದೆ’ ಎಂದಳು. ಇಬ್ಬರೂ ಒಂದಿಷ್ಟು ಬೀಜವನ್ನು ಬಿರುಕಿನೊಳಗೆ ಹಾಕಿದರು, ಒಂದಿಷ್ಟನ್ನು ಕಡ್ಡಿಯಲ್ಲಿ ಕೆದಕಿ ಹಾಕಿದರು, ಇನ್ನಷ್ಟನ್ನು ಹಾಗೆಯೇ ಮೇಲೆ ಚೆಲ್ಲಿದರು. ಚೆಲ್ಲಿದ್ದನ್ನು ಹಕ್ಕಿಗಳು ತಿಂದವು. ಕೆದಕಿ ಹಾಕಿದ್ದು ಬಿಸಿಲಿಗೆ ಬಾಡಿತು. ಬಿರುಕಿನ ನೆರಳಿನಲ್ಲಿ, ತಳದ ತೇವದಲ್ಲಿ ಬಿದ್ದದ್ದು ಮೊಳೆಯಿತು.

ಓದುವವಳು ನಕ್ಕಳು. ಗಂಡ ಸತ್ತ ಮೇಲೆ ಹಾಗೆ ನಕ್ಕಿದ್ದು ಅದೇ ಮೊದಲು.

ಆ ಹೆಂಗಸು ಕಂಡದ್ದನ್ನು ಊರಿಗೆ ಒಯ್ದಳು; ಮನೆಮನೆಯ ಒಣಕಾಯಿ ಹೊರಬಂದು, ತಗ್ಗಿನ ಹೊಲಗಳ ಬಿರುಕಿನಲ್ಲೆಲ್ಲ ಆ ವರ್ಷ ಮೂಲಂಗಿ ಬೆಳೆಯಿತು. ಚಳಿಗಾಲವೆಲ್ಲ ಊರು ಮೂಲಂಗಿ ಸೊಪ್ಪು, ಮೂಲಂಗಿ ಗೆಡ್ಡೆ, ಮೂಲಂಗಿ ಗಂಜಿ ಉಂಡು ಜೀವ ಹಿಡಿಯಿತು. ಎತ್ತರದವರು ತಮ್ಮ ಬರಗಿನಲ್ಲಿ ಒಂದು ಪಾಲು ತೆಗೆದು ತಗ್ಗಿನವರಿಗೆ ಕೊಟ್ಟರು. ಜನ ಒಬ್ಬೊಬ್ಬರಾಗಿ ದೋಣಿ ಹತ್ತಿ ಆಚೆ ದಡಕ್ಕೆ ಹೋಗತೊಡಗಿದರು. ಮೊದಮೊದಲು ಉಪ್ಪು ಕೊಡುವ ನೆಪ, ಸೌದೆ ಕೊಡುವ ನೆಪ. ಆಮೇಲೆ ಯಾವ ನೆಪವೂ ಇಲ್ಲ. ಬಂದು ಕೂತು ಕೆಮ್ಮುತ್ತಿದ್ದರು. ಹೊಲದ ಮಾತು ಆಡಿ ಅಭ್ಯಾಸವಿಲ್ಲದ ಬಾಯಿಗಳು. ‘ನಮ್ಮ ಹೊಲದ ಮೂಲೆಯಲ್ಲಿ...’ ಎಂದು ತೊಡಗಿ, ಹೆದರಿ, ಹಿಂದೆ ತಿರುಗಿ ನದಿ ನೋಡಿ, ಮತ್ತೆ ಮುಂದುವರಿಸುತ್ತಿದ್ದರು. ಅವಳು ಕೇಳುತ್ತಿದ್ದಳು. ಬಿದಿರು ಸೀಳಿ, ಹಸಿರು ಹೋಗುವವರೆಗೆ ಬೆಂಕಿಗೆ ಹಿಡಿದು, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿಡುತ್ತಿದ್ದಳು. ಹೇಳಿದವರು ಯಾರೆಂದೂ ಪಕ್ಕದಲ್ಲಿ ಬರೆಯುತ್ತಿದ್ದಳು.

ಊರಹಿರಿಯ ಯಾರನ್ನೂ ತಡೆಯಲಿಲ್ಲ. ತಾನೂ ಬರಲಿಲ್ಲ. ಅಕ್ಷರ ಬಾರದ ಅವನು ಕಟ್ಟನ್ನು ಮನೆಯಲ್ಲಿಟ್ಟುಕೊಂಡು ಹೊಗೆ ಹಾಕುತ್ತಿದ್ದನಂತೆ. ಕೆಲವೊಮ್ಮೆ ಬಿಚ್ಚಿ, ಸೀಳುಗಳ ಮೇಲೆ ಬೆರಳಾಡಿಸಿ, ಮತ್ತೆ ಸುತ್ತಿಡುತ್ತಿದ್ದನಂತೆ.

ಚಳಿ ಕಳೆಯಿತು. ಮಣ್ಣು ಸಡಿಲವಾಯಿತು. ಆಗ ಅವನೇ ಬಂದ. ಅವನ ಎಡಗೈಯನ್ನು ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿದ್ದರು. ಬಟ್ಟೆಯ ಮೇಲೆ ರಕ್ತ ಒಣಗಿ ಕಂದುಬಣ್ಣವಾಗಿತ್ತು.

‘ಏನಾಯಿತು ಭಾವ?’

ಅವನು ಕೂತುಕೊಳ್ಳಲಿಲ್ಲ. ‘ಎತ್ತರದ ಹೊಲದವನು ನದಿ ಮಣ್ಣನ್ನು ಕೆರೆದು ಹೊರಗೆ ಹಾಕಬೇಕು ಅಂದ. ಅವನ ಪಕ್ಕದವನು ಹಳೇ ಮಣ್ಣಿನ ಜೊತೆ ಸೇರಿಸಿ ಉಳಬೇಕು ಅಂದ. ಇವನು ಕೆರೆದದ್ದು ಅವನ ಹೊಲಕ್ಕೆ ಬಿತ್ತು. ಇಬ್ಬರೂ ಗುದ್ದಲಿ ಎತ್ತಿದರು. ನಾನು ನಡುವೆ ಹೋದೆ.’

‘ಅವರು?’

‘ನನ್ನ ರಕ್ತ ನೋಡಿ ಗುದ್ದಲಿ ಬಿಸಾಕಿದರು. ಇಬ್ಬರೂ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾರೆ.’ ಅವನು ನದಿಯ ಕಡೆ ತಿರುಗಿದ. ‘ನಾನು ಹೆದರಿದ್ದು ಇದಕ್ಕೇ ತಾಯಿ. ನಿನ್ನ ಗಂಡ ನಿನಗೆ ಹೇಳಿರಲಾರ. ಅವನಿನ್ನೂ ತೊಟ್ಟಿಲಲ್ಲಿದ್ದ. ನಾನು ಮಾತ್ರ ಕಂಡೆ. ಒಂದು ವರ್ಷ ಚಳಿ ಮುಗಿಯಲೇ ಇಲ್ಲ. ಹಿಪ್ಪುನೇರಳೆ ಚಿಗುರಿದ ಮೇಲೆ ನವಣೆ ಬಿತ್ತು ಅಂತ ಕಟ್ಟಿನಲ್ಲಿತ್ತು. ಹಿಪ್ಪುನೇರಳೆ ಚಿಗುರಲಿಲ್ಲ. ನಮ್ಮ ಚಿಕ್ಕಪ್ಪ ಬಾಯಿಬಿಟ್ಟ. ಕಪ್ಪೆ ಕೂಗಾಯಿತು, ಇನ್ನು ಕಾಯಬಾರದು ಅಂದ. ನಮ್ಮಪ್ಪ ಕಾಯಬೇಕು ಅಂದ. ಮಾತಿಗೆ ಮಾತು ಬೆಳೀತು. ಅಪ್ಪನ ಕೈಯಲ್ಲಿ ಗುದ್ದಲಿ ಇತ್ತು.’

ಓದುವವಳು ಅವನ ಸುತ್ತಿದ ಕೈಯ ಕಡೆ ನೋಡಿದಳು.

‘ಚಿಕ್ಕಪ್ಪ ಅಲ್ಲೇ ಸಾಲಿನಲ್ಲಿ ಬಿದ್ದ. ಅಪ್ಪ ಆಮೇಲೆ ಸಾಯುವವರೆಗೆ ಯಾವ ಮಾತನ್ನೂ ಆಡಲಿಲ್ಲ. ಹೊಲದ್ದಲ್ಲ, ಮನೆಯದ್ದೂ ಅಲ್ಲ. ಯಾರ ಮಾತು ಸರಿ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ ತಾಯಿ. ಆ ವರ್ಷ ಆ ಹೊಲ ಬಿತ್ತಲೇ ಇಲ್ಲ.’

ಹೊಳೆಯ ಮೇಲಿನ ಗಾಳಿ ಗುಡಿಸಲಿನ ಜೊಂಡನ್ನು ಅಲುಗಿಸುತ್ತಿತ್ತು. ಓದುವವಳು ಒಳಗೆ ಹೋಗಿ ಎರಡು ಹೊಸ ಸೀಳು ತಂದಳು. ಮಸಿ ತೇಯ್ದಳು. ಎತ್ತರದ ಹೊಲದವನು ಹೇಳಿದ್ದನ್ನು ಒಂದರಲ್ಲಿ ಬರೆದಳು. ಪಕ್ಕದವನು ಹೇಳಿದ್ದನ್ನು ಇನ್ನೊಂದರಲ್ಲಿ ಬರೆದಳು. ಎರಡನ್ನೂ ಜೊತೆಗಿಟ್ಟು ದಾರ ಕಟ್ಟಿದಳು.

‘ಇದೇನು?’

‘ಇಬ್ಬರ ಮಾತೂ ಇರಲಿ ಭಾವ. ಕೆರೆದ ಮಣ್ಣು ಹಾಕಲು ನದಿ ಅಂಚಿನಲ್ಲಿ ಜಾಗ ತೋರಿಸಿ. ಇಬ್ಬರೂ ಅವರವರ ಹೊಲದಲ್ಲಿ ಅವರವರ ಹಾಗೆ ಮಾಡಲಿ. ಸುಗ್ಗಿಯಲ್ಲಿ ನೋಡಿ, ಕಂಡದ್ದನ್ನು ಕೆಳಗೆ ಬರೀತೀನಿ.’

‘ಕಟ್ಟು ಎರಡು ಮಾತಾಡಿದರೆ ಜನ ಯಾವುದನ್ನು ಕೇಳಬೇಕು?’

‘ಎರಡನ್ನೂ ಕೇಳಲಿ. ಇಷ್ಟು ದಿನ ಕಟ್ಟಿನ ಹೆಸರಿನಲ್ಲಿ ಜನ ಒಬ್ಬರನ್ನೊಬ್ಬರು ಕೇಳಿಸಿಕೊಂಡೇ ಇರಲಿಲ್ಲ. ತಗ್ಗಿನ ಹೊಲದವಳಿಗೆ ನೀರು ಇಳಿಯಬೇಕು ಅನ್ನಿಸಿತ್ತು. ಅವಳು ಬಾಯಿಬಿಟ್ಟಿದ್ದರೆ ಅಷ್ಟು ಬೀಜ ಕೊಳೆಯುತ್ತಿರಲಿಲ್ಲ.’

ಹಿರಿಯ ಆ ಎರಡು ಸೀಳುಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಓದಲು ಬಾರದವನು, ಎರಡರ ನಡುವಿನ ದಾರದ ಗಂಟನ್ನೇ ನೋಡುತ್ತಿದ್ದ.

‘ದೋಣಿ ಹತ್ತು’ ಎಂದ ಕೊನೆಗೆ.

‘ನಿಯಮ?’

‘ಹೇಗೂ ಮುರಿದಿದೆ. ಮುರಿದ ಪಾಪ ನನಗಿರಲಿ. ಹುಟ್ಟು ಮಾತ್ರ ನೀನು ಹಾಕಬೇಕು, ನನಗೆ ಒಂದೇ ಕೈ.’

ಆ ವಸಂತದಲ್ಲಿ ಓದುವವಳು ಮತ್ತೆ ಹಾಕಿದ ಬದುವಿನ ಮೇಲೆ ನಿಂತು ಹಳೆಯ ಸೀಳುಗಳನ್ನು ಓದಿದಳು. ಆಮೇಲೆ ಹೊಸವುಗಳನ್ನು ಓದಿದಳು. ‘ಎತ್ತರದ ಹೊಲದವನು ಹೇಳಿದ್ದು: ನದಿ ಮಣ್ಣನ್ನು ಕೆರೆದು ತೆಗೆ. ಅವನ ಪಕ್ಕದವನು ಹೇಳಿದ್ದು: ಹಳೆಯದರೊಂದಿಗೆ ಸೇರಿಸಿ ಉಳು. ಯಾವುದು ಸರಿಯೆಂದು ಕಟ್ಟಿಗೆ ಇನ್ನೂ ಗೊತ್ತಿಲ್ಲ.’ ತನ್ನ ಮಾತು ಮೊದಲಜ್ಜನ ಮಾತಿನ ದನಿಯಲ್ಲೇ ಬಂದದ್ದನ್ನು ಕೇಳಿ ಎತ್ತರದ ಹೊಲದವನು ಕಿವಿಯವರೆಗೆ ಕೆಂಪಾದ. ಪಕ್ಕದವನು ಅವನ ಕಡೆ ಕಳ್ಳನೋಟ ನೋಡಿದ. ‘ಹಾಗೇ ಆಗಲಿ’ ಎನ್ನಬೇಕೋ ಬೇಡವೋ ಎಂದು ಜನಕ್ಕೆ ತೋಚಲಿಲ್ಲ. ಕೊನೆಗೆ ಒಬ್ಬ ಮುದುಕಿ, ‘ನೋಡೋಣ’ ಎಂದಳು. ಅದೇ ಸರಿಯಾದ ಮಾತೆಂದು ಎಲ್ಲರಿಗೂ ಅನ್ನಿಸಿತು.

ಜನ ಚದುರುತ್ತಿದ್ದಾಗ ಹಿರಿಯ ಅವಳ ಹತ್ತಿರ ಬಂದ.

‘ನಮ್ಮ ಚಿಕ್ಕಪ್ಪ ಬಿದ್ದ ಹೊಲ ಇದೆಯಲ್ಲ, ಅದನ್ನು ಈ ಸಲ ಎರಡು ಭಾಗ ಮಾಡ್ತೀನಿ. ಕಪ್ಪೆ ಕೂಗಿದ ದಿನ ಒಂದು ಭಾಗ ಬಿತ್ತೋದು. ಹಿಪ್ಪುನೇರಳೆ ಚಿಗುರಿದ ದಿನ ಇನ್ನೊಂದು. ಅಪ್ಪ, ಚಿಕ್ಕಪ್ಪ ಇಬ್ಬರದ್ದೂ ಬರಿ ತಾಯಿ.’

ಅವಳು ಇಬ್ಬರ ಮಾತನ್ನೂ ಬರೆದಳು. ಕಪ್ಪೆಗಳು ಕೂಗಿದ ದಿನ ಹಿರಿಯ ಒಂದೇ ಕೈಯಲ್ಲಿ ಕೂರಿಗೆ ಹಿಡಿದು ಅರ್ಧ ಹೊಲ ಬಿತ್ತಿದ. ಹಿಪ್ಪುನೇರಳೆ ಚಿಗುರಿದ ದಿನ ಉಳಿದರ್ಧ ಬಿತ್ತಿದ. ದಿನಾ ಬೆಳಿಗ್ಗೆ ಹೋಗಿ ಎರಡರ ನಡುವಿನ ಬದುವಿನ ಮೇಲೆ ನಿಲ್ಲುತ್ತಿದ್ದ. ಒಂದು ಕಡೆ ಮೊದಲು ಮೊಳೆಯಿತು, ಇನ್ನೊಂದು ಕಡೆ ತಡವಾಗಿ ಮೊಳೆತು ದಟ್ಟವಾಗಿ ಎದ್ದಿತು. ಮಳೆ ಬಂತು, ಬಿಸಿಲು ಬಂತು. ತೆನೆ ಬಾಗಿತು.

ಸುಗ್ಗಿಯಲ್ಲಿ ಎರಡನ್ನೂ ಬೇರೆ ಬೇರೆ ಕೊಯ್ದು, ಬೇರೆ ಬೇರೆ ಬಡಿದು, ಕಣದಲ್ಲಿ ಎರಡು ರಾಶಿ ಹಾಕಿಸಿದ. ಊರೆಲ್ಲ ಸುತ್ತ ನಿಂತಿತು. ಹಿರಿಯ ಒಂದು ರಾಶಿಯ ಪಕ್ಕ ನಿಂತು ನೋಡಿದ. ಇನ್ನೊಂದರ ಪಕ್ಕ ಹೋಗಿ ನೋಡಿದ. ಅಂಗೈಯಲ್ಲಿ ಕಾಳು ತೆಗೆದು ಊದಿ ನೋಡಿದ. ಜನರ ಮುಖ ನೋಡಿದ. ಜನರಿಗೂ ಹೇಳಲಾಗಲಿಲ್ಲ. ಎರಡೂ ರಾಶಿ ಒಂದೇ ಎತ್ತರ, ಒಂದೇ ಬಣ್ಣ, ಒಂದೇ ತೂಕದ ಕಾಳು.

ಅವನು ಎರಡರ ನಡುವೆ ಕೂತುಬಿಟ್ಟ. ಮೊದಲು ಅವನ ಭುಜ ಅಲುಗಿತು. ಆಮೇಲೆ ದನಿ ಬಂತು. ಅಷ್ಟು ದೊಡ್ಡ ಆಳು ಅಷ್ಟು ಜನರ ಮುಂದೆ ಮಗುವಿನ ಹಾಗೆ ಅತ್ತ. ಯಾರೂ ಅವನನ್ನು ಸುಮ್ಮನಿರಿಸಲಿಲ್ಲ. ಓದುವವಳು ಹೋಗಿ ಪಕ್ಕದಲ್ಲಿ ಕೂತಳು. ಅವನ ಅಳು ಇಳಿಯುವವರೆಗೆ ಕಾದು, ಕುಂಚವನ್ನು ಮಸಿಗೆ ಅದ್ದಿದಳು.

‘ಏನಂತ ಬರೀಲಿ ಭಾವ?’

ಅವನು ಕಣ್ಣೊರೆಸಿಕೊಂಡ.

‘ಎರಡೂ ಒಂದೇ ಅಂತ ಬರಿ.’

ಅವಳು ಬರೆದಳು. ಅವನು ಸೀಳನ್ನು ಅವಳ ಕೈಯಿಂದ ತೆಗೆದುಕೊಂಡು, ಮುಖದ ಹತ್ತಿರ ಹಿಡಿದು, ಮಸಿ ಒಣಗುವವರೆಗೆ ಮೆಲ್ಲಗೆ ಊದುತ್ತ ಕೂತ.